ಮಾರುವ ಮೊದಲು ಕುಡಿದು ನೋಡೋಣ

ಅಡಿಕೆ ಬೆಳೆಗಾರನಿಗೆ ತನ್ನ ಮಾಲಿನ ಗುಣವನ್ನು ಬೇರೊಬ್ಬರು ಹೇಳಿಕೊಡಬೇಕಾಗಿಲ್ಲ. ಒಂದು ಹಿಡಿ ಅಡಿಕೆ ಕೈಗೆತ್ತಿಕೊಂಡು, ಬಣ್ಣ ನೋಡಿ, ಒಂದೆರಡನ್ನು ಅಡಕತ್ತರಿಯಲ್ಲಿ ಸೀಳಿ, ಚೂರು ಬಾಯಿಗೆ ಹಾಕಿಕೊಂಡು ಇದು ಹಸ, ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು ಎಂದು ಹೇಳಿಬಿಡುತ್ತಾನೆ. ಮಂಡಿಯಲ್ಲಿ ಧಾರಣೆ ಇಳಿಸಿ ಕೂಗಿದರೆ ಎದುರು ಮಾತಾಡುವ ಧೈರ್ಯ ಅವನಿಗೆ ಬರುವುದು ಈ ತಿಳಿವಳಿಕೆಯಿಂದಲೇ. ಅದೇ ಬೆಳೆಗಾರ ಅದೇ ತೋಟದ ಕಾಫಿಯನ್ನು ಮಾರುವಾಗ ಮಾತ್ರ ಬಾಯಿ ಕಟ್ಟಿದವನಂತೆ ನಿಂತುಬಿಡುತ್ತಾನೆ. ವ್ಯಾಪಾರಿ ತೇವಾಂಶ ನೋಡಿ, ಔಟ್‌ಟರ್ನ್ ತೆಗೆದು ಒಂದು ದರ ಹೇಳುತ್ತಾನೆ, ಇವನು ತಲೆಯಾಡಿಸುತ್ತಾನೆ. ಆ ಕಾಫಿ ಲೋಟಕ್ಕೆ ಬಿದ್ದಾಗ ಹೇಗಿರುತ್ತದೆ ಎಂಬುದು ಬೆಳೆದವನಿಗೇ ಗೊತ್ತಿರುವುದಿಲ್ಲ.

ಈ ಕೊರತೆಗೆ ಪರಿಹಾರ ದೂರದಲ್ಲೇನೂ ಇಲ್ಲ, ನಮ್ಮ ಅಡಿಗೆಮನೆಯ ಒಲೆಯ ಮೇಲೆಯೇ ಇದೆ. ಪ್ರತಿಯೊಬ್ಬ ಕಾಫಿ ಬೆಳೆಗಾರನೂ ತನ್ನ ತೋಟದ ಮಾರುವ ಮಾಲಿನಿಂದಲೇ ಒಂದಿಷ್ಟನ್ನು ತೆಗೆದು, ಕ್ರಮವಾಗಿ ಕಾಫಿ ಮಾಡಿ ಕುಡಿಯಬೇಕು; ಮಾಡುವ ಪಾತ್ರೆಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳಬೇಕು. ಎರಡನೆಯ ಮಾತು ಮೊದಲನೆಯದರಷ್ಟೇ ಮುಖ್ಯ. ಕೊಳೆ ಹಿಡಿದ ಪಾತ್ರೆ ಒಳ್ಳೆಯ ಕಾಫಿಯ ಮೇಲೂ ಸುಳ್ಳು ಸಾಕ್ಷಿ ಹೇಳುತ್ತದೆ. ಇದು ನನ್ನ ಅಭಿಪ್ರಾಯ. ಸದಸ್ಯ ಬಂಧುಗಳು ಇದನ್ನು ಒಪ್ಪಬೇಕೆಂದಿಲ್ಲ, ಯೋಚಿಸಿ ನೋಡಿದರೆ ಸಾಕು.

ಹಿತ್ತಲ ಗಿಡ ಮದ್ದಲ್ಲ

ನಮ್ಮಲ್ಲಿ ಬಹುಮಂದಿಯ ಮನೆಯಲ್ಲಿ ನಡೆಯುವುದೇನು? ಒಳ್ಳೆಯ ಮಾಲೆಲ್ಲ ಚೀಲ ಸೇರುತ್ತದೆ. ನೆಲಕ್ಕೆ ಬಿದ್ದು ಆರಿಸಿದ್ದು, ಕಪ್ಪು ಬೀಜ, ಒಡಕು, ಮಳೆಗೆ ಸಿಕ್ಕಿ ಬಣ್ಣ ಕೆಟ್ಟದ್ದು ಮನೆಖರ್ಚಿಗೆ ಉಳಿಯುತ್ತದೆ. ಅದನ್ನು ಬಾಣಲೆಯಲ್ಲಿ ಕರ್ರಗೆ ಹುರಿದು, ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಕುಡಿಯುತ್ತೇವೆ. ಇನ್ನು ಕೆಲವರು ಚೀಲಗಟ್ಟಲೆ ಕಾಫಿ ಮಾರಿ, ಬರುವಾಗ ಪೇಟೆಯಿಂದ ಚಿಕೋರಿ ಬೆರೆಸಿದ ಪುಡಿ ತರುತ್ತಾರೆ. ಬೆಲ್ಲದ ಕಾಫಿಯನ್ನು ನಾನು ಹಳಿಯುತ್ತಿಲ್ಲ. ಮಳೆಗಾಲದ ಸಂಜೆಗೆ ಅದಕ್ಕೆ ಸಮನಾದದ್ದು ಬೇರೊಂದಿಲ್ಲ. ಆದರೆ ಕರ್ರಗೆ ಹುರಿದ ಬೀಜ, ಬೆಲ್ಲ, ಹಾಲು, ಚಿಕೋರಿ ಇವೆಲ್ಲ ಸೇರಿದ ಮೇಲೆ ತೋಟದ ರುಚಿ ಯಾವುದು ಎಂದು ಬ್ರಹ್ಮನಿಗೂ ತಿಳಿಯುವುದಿಲ್ಲ.

ಹಿಂದೆ ಇದರಿಂದ ನಷ್ಟವೇನೂ ಎದ್ದು ಕಾಣುತ್ತಿರಲಿಲ್ಲ. 1942ರ ಕಾಫಿ ಕಾಯ್ದೆಯ ವ್ಯವಸ್ಥೆಯಲ್ಲಿ ಮನೆಖರ್ಚಿಗೂ ಬಿತ್ತನೆಗೂ ಬೇಕಾದಷ್ಟನ್ನು ಬಿಟ್ಟು ಉಳಿದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಕೊಡಬೇಕಾಗಿತ್ತು. ಮಾರುವ ಚಿಂತೆ ಮಂಡಳಿಯದು, ಬೆಳೆಯುವ ಚಿಂತೆ ನಮ್ಮದು. 1990ರ ದಶಕದಲ್ಲಿ ಹಂತಹಂತವಾಗಿ ಕಟ್ಟು ಸಡಿಲವಾಗಿ, 1996ರ ವೇಳೆಗೆ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಅವಕಾಶ ಬಂತು. ಮಾರುವ ಸ್ವಾತಂತ್ರ್ಯ ಬಂದ ದಿನವೇ ಮಾಲನ್ನು ಅರಿಯುವ ಹೊಣೆಯೂ ಬಂತು. ಸ್ವಾತಂತ್ರ್ಯವನ್ನು ಸಂತೋಷವಾಗಿ ಕೈಗೆತ್ತಿಕೊಂಡೆವು, ಹೊಣೆಯನ್ನು ಮಾತ್ರ ಇಂದಿಗೂ ವ್ಯಾಪಾರಿಯ ಹೆಗಲಿಗೆ ಬಿಟ್ಟಿದ್ದೇವೆ.

ಇಟಲಿಯ ಪಾತ್ರೆ, ನಮ್ಮ ರೊಬಸ್ಟಾ

ಒಲೆಯ ಮೇಲಿಡುವ ಕಾಫಿ ಪಾತ್ರೆಗಳಲ್ಲಿ ಹೆಸರಾದದ್ದು ಇಟಲಿಯ ಮೋಕಾ ಪಾತ್ರೆ. ಪೇಟೆಯಲ್ಲಿ ಓದುವ, ದುಡಿಯುವ ಮಕ್ಕಳು ರಜೆಗೆ ಬರುವಾಗ ತಂದುಕೊಡುವುದರಿಂದ ಈಚೆಗೆ ನಮ್ಮ ಹಲವು ಮನೆಗಳಿಗೂ ಇದು ಬಂದಿದೆ. 1933ರಲ್ಲಿ ಉತ್ತರ ಇಟಲಿಯ ಪೀಡ್‌ಮಾಂಟ್ ಪ್ರಾಂತದಲ್ಲಿ ಅಲ್ಫೊನ್ಸೊ ಬಿಯಾಲೆಟ್ಟಿ ಎಂಬುವರ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಇದು ರೂಪುಗೊಂಡಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅವರ ಮಗ ರೆನಾಟೊ ಬಿಯಾಲೆಟ್ಟಿ ಇದನ್ನು ಇಟಲಿಯ ಮನೆಮನೆಗೂ ಮುಟ್ಟಿಸಿದರು. 2016ರಲ್ಲಿ ಅವರು ತೀರಿಕೊಂಡಾಗ ಅವರ ಚಿತಾಭಸ್ಮವನ್ನು ದೊಡ್ಡದೊಂದು ಮೋಕಾ ಪಾತ್ರೆಯಲ್ಲಿಟ್ಟೇ ಸಮಾಧಿ ಮಾಡಿದರು. ತಾನು ಮಾರಿದ ಪದಾರ್ಥದ ಮೇಲೆ ಒಬ್ಬ ಮನುಷ್ಯನಿಗೆ ಎಷ್ಟು ಅಭಿಮಾನವಿರಬಹುದು ನೋಡಿ!

ಈ ಪಾತ್ರೆಗೂ ನಮಗೂ ಹತ್ತಿರದ ಸಂಬಂಧವಿದೆ. ಭಾರತದ ಕಾಫಿ ಬೆಳೆಯಲ್ಲಿ ದೊಡ್ಡ ಪಾಲು ಪರದೇಶಕ್ಕೆ ಹೋಗುತ್ತದೆ. ಅದನ್ನು ಕೊಳ್ಳುವ ದೇಶಗಳಲ್ಲಿ ಇಟಲಿ ಬಹುಕಾಲದಿಂದ ಮುಂಚೂಣಿಯಲ್ಲಿದೆ. ಎಸ್‌ಪ್ರೆಸೊ ಮಿಶ್ರಣಕ್ಕೆ ಗಟ್ಟಿತನವನ್ನೂ ಮೇಲೊಂದು ಕೆನೆಯಂಥ ನೊರೆಯನ್ನೂ ಕೊಡುವುದಕ್ಕೆ ಅವರಿಗೆ ರೊಬಸ್ಟಾ ಬೇಕು. ನೆರಳಿನಲ್ಲಿ ಬೆಳೆದ ನಮ್ಮ ರೊಬಸ್ಟಾಕ್ಕೆ ಅಲ್ಲಿ ಒಳ್ಳೆಯ ಹೆಸರಿದೆ. ಎಂದರೆ ನಮ್ಮ ಕಣದಲ್ಲಿ ಒಣಗಿದ ಬೀಜ ಕೊನೆಗೆ ತಲುಪುವುದು ಇಂಥದೇ ಪಾತ್ರೆಗಳನ್ನು. ಅಲ್ಲಿಯ ಗೃಹಿಣಿ ನಮ್ಮ ಕಾಫಿಯ ರುಚಿಯನ್ನು ಬಲ್ಲಳು, ನಾವು ಅರಿಯೆವು ಎಂದರೆ ಅದು ಬೆಳೆದವರಿಗೆ ಶೋಭೆಯೇ?

ಮಾಡುವ ಕ್ರಮ

ಪಾತ್ರೆಯಲ್ಲಿ ಮೂರು ಭಾಗಗಳು. ಕೆಳಗೆ ನೀರಿನ ಪಾತ್ರೆ, ಅದರ ಬದಿಯಲ್ಲಿ ಕುಕ್ಕರಿಗಿರುವಂತೆ ಒಂದು ಸೇಫ್ಟಿ ವಾಲ್ವ್. ನಡುವೆ ಪುಡಿ ತುಂಬುವ ಆಲಿಕೆ. ಮೇಲೆ ಕಾಫಿ ಬಂದು ನಿಲ್ಲುವ ಪಾತ್ರೆ, ಅದರ ತಳದಲ್ಲಿ ಜಾಲರಿ ಮತ್ತು ರಬ್ಬರ್ ವಾಷರ್. ಕೆಳಗೆ ಬೆಂಕಿ ತಾಗಿದಾಗ ಒಳಗಿನ ಗಾಳಿ ಮತ್ತು ಹಬೆ ಹಿಗ್ಗಿ ನೀರನ್ನು ಅದುಮುತ್ತವೆ; ನೀರು ಆಲಿಕೆಯ ಕೊಳವೆಯಲ್ಲಿ ಮೇಲೇರಿ, ಪುಡಿಯನ್ನು ಹಾಯ್ದು, ಮೇಲಿನ ಪಾತ್ರೆಗೆ ಉಕ್ಕುತ್ತದೆ. ಇದರಲ್ಲಿ ಮಂತ್ರವೂ ಇಲ್ಲ, ಯಂತ್ರವೂ ಇಲ್ಲ.

ನೀರನ್ನು ವಾಲ್ವಿನ ಕೆಳಗಿನ ಮಟ್ಟದವರೆಗೆ ಮಾತ್ರ ಹಾಕಬೇಕು. ಪುಡಿ ಬಿಡಿ ಉಪ್ಪಿನಂತಿರಲಿ. ಹಿಟ್ಟಿನಷ್ಟು ನುಣುಪಾದರೆ ದಾರಿ ಕಟ್ಟುತ್ತದೆ, ತರಿಯಾದರೆ ಕಾಫಿ ನೀರಾಗುತ್ತದೆ. ಆಲಿಕೆಯನ್ನು ತುಂಬಿ ಮೇಲ್ಮಟ್ಟ ಸರಿಮಾಡಿದರೆ ಸಾಕು. ನಮ್ಮ ಫಿಲ್ಟರಿನಲ್ಲಿ ಮಾಡುವಂತೆ ಅದುಮಬಾರದು. ಚಿಕೋರಿ ಬೆರೆತ ಪುಡಿ ಇದಕ್ಕೆ ಬೇಡ. ಅದು ನೀರು ಕುಡಿದು ಅಂಟಂಟಾಗಿ ದಾರಿ ಮುಚ್ಚುತ್ತದೆ. ವಾಷರ್ ಕೂರುವ ಅಂಚಿನಲ್ಲಿ ಒಂದು ಹರಳು ಪುಡಿಯೂ ಉಳಿಯದಂತೆ ಒರೆಸಿ ಬಿಗಿಯಾಗಿ ತಿರುಗಿಸಬೇಕು. ತಿರುಗಿಸುವಾಗ ಹಿಡಿಯನ್ನು ಹಿಡಿದು ತಿರುಚಿದರೆ ಹಿಡಿ ಮುರಿದೀತು, ಮೈಯನ್ನು ಹಿಡಿದು ತಿರುಗಿಸಿ.

ಉರಿ ಸಣ್ಣದಿರಲಿ, ಪಾತ್ರೆಯ ತಳವನ್ನು ಮೀರಿ ಹಿಡಿಗೆ ತಾಗದಿರಲಿ. ಸೌದೆ ಒಲೆಯವರು ಜ್ವಾಲೆಯ ಮೇಲಿಡದೆ ಕೆಂಡದ ಮೇಲಿಡಬಹುದು. ಅಲ್ಯೂಮಿನಿಯಂ ಪಾತ್ರೆ ಇಂಡಕ್ಷನ್ ಒಲೆಯಲ್ಲಿ ಕಾಯುವುದಿಲ್ಲ. ವಾಲ್ವಿನ ಬಾಯಿ ಗೋಡೆಯ ಕಡೆಗಿರಲಿ, ಮಕ್ಕಳ ಕಡೆಗಲ್ಲ. ಕಾಫಿ ಜೇನಿನ ಬಣ್ಣದಲ್ಲಿ ತೆಳುವಾಗಿ, ಗುಳುಗುಳು ಸದ್ದು ಶುರುವಾಗುತ್ತಿದ್ದಂತೆ ಇಳಿಸಿಬಿಡಬೇಕು. ಕೊನೆಯ ಹನಿಯ ಆಸೆಗೆ ಇನ್ನಷ್ಟು ಕಾಯಿಸಿದರೆ ಸೀದ ಕಹಿ ಬರುತ್ತದೆ. ಆ ಕಹಿ ತೋಟದ್ದಲ್ಲ, ಒಲೆಯದು. ಮೂರು ಕಪ್ಪಿನ ಪಾತ್ರೆ ಎಂದು ಬರೆದಿದ್ದರೆ ಮೋಸ ಹೋಗಬೇಡಿ. ಅವರ ಕಪ್ ಎಂದರೆ ಸುಮಾರು 50 ಮಿಲಿಲೀಟರ್. ನಮ್ಮ ಲೋಟದ ಲೆಕ್ಕದಲ್ಲಿ ಅದು ಒಬ್ಬರಿಗೆ ಸಾಲದು.

ತೊಳೆಯುವುದರಲ್ಲಿ ಇರುವ ಗುಟ್ಟು

ಈಗ ಮುಖ್ಯ ವಿಷಯಕ್ಕೆ ಬರೋಣ. ಹುರಿದ ಕಾಫಿಯಲ್ಲಿ ಎಣ್ಣೆಯ ಅಂಶವಿದೆ. ಪ್ರತಿ ಸಲ ಕಾಫಿ ಮಾಡಿದಾಗಲೂ ಒಂದು ತೆಳು ಜಿಡ್ಡು ಪಾತ್ರೆಯ ಒಳಮೈಗೆ, ಜಾಲರಿಗೆ, ವಾಷರಿನ ಅಡಿಗೆ ಹತ್ತುತ್ತದೆ. ಹಪ್ಪಳ ಕರಿದ ಹಳೆಯ ಎಣ್ಣೆ ಹೇಗೆ ಕೆಲವು ದಿನಗಳಲ್ಲಿ ಕಮಟಾಗುತ್ತದೆಯೋ ಇದೂ ಹಾಗೆಯೇ. ಮರುದಿನ ಎಷ್ಟು ಒಳ್ಳೆಯ ಪುಡಿ ಹಾಕಿದರೂ ಕಾಫಿ ಆ ಕಮಟನ್ನು ಹೊತ್ತುಕೊಂಡೇ ಬರುತ್ತದೆ. ಕುಡಿದವರು "ಈ ವರ್ಷದ ಕಾಫಿಯೇ ಸರಿಯಿಲ್ಲ" ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಡೊಂಕು ಪಾತ್ರೆಯದು, ಬೈಗಳು ತೋಟಕ್ಕೆ.

ಈ ಪಾತ್ರೆಯನ್ನು ಸೋಪು ಹಾಕಿ ತೊಳೆಯಲೇಬಾರದು, ಒಳಗಿನ ಜಿಡ್ಡೇ ರುಚಿ ಕೊಡುತ್ತದೆ ಎಂಬ ನಂಬಿಕೆ ಇಟಲಿಯಲ್ಲೇ ಬಹಳ ಮಂದಿಗೆ ಇದೆ. ನಾನು ಇದನ್ನು ಒಪ್ಪುವುದಿಲ್ಲ. ದೋಸೆಕಲ್ಲಿನ ಎಣ್ಣೆ ಬಿಸಿಗೆ ಕಾದು ಕಬ್ಬಿಣಕ್ಕೆ ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಕಾಫಿಯ ಜಿಡ್ಡು ಹಾಗಾಗುವುದಿಲ್ಲ, ಒದ್ದೆಯಾಗಿಯೇ ಉಳಿದು ಹಳಸುತ್ತದೆ. ಆ ನಂಬಿಕೆಯಲ್ಲಿ ಸತ್ಯ ಇರುವುದು ಇಷ್ಟು: ಖಾರವಾದ ಸೋಪು, ಉಜ್ಜುವ ಪುಡಿ, ಸ್ಟೀಲ್ ನಾರು ಇವು ಅಲ್ಯೂಮಿನಿಯಂ ಮೈಯನ್ನು ಕೆಡಿಸುತ್ತವೆ, ಸರಿಯಾಗಿ ಗಲಬರಿಸದ ಸೋಪು ವಾಸನೆಯನ್ನು ಉಳಿಸುತ್ತದೆ.

ನಮ್ಮ ಮನೆಗಳಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಹಿತ್ತಾಳೆ ಫಿಲ್ಟರನ್ನು ಹುಣಿಸೆಹಣ್ಣು ಹಾಕಿ, ಉಳಿದ ಪಾತ್ರೆಗಳನ್ನು ಒಲೆಯ ಬೂದಿ ಮತ್ತು ತೆಂಗಿನ ನಾರಿನಿಂದ ಉಜ್ಜಿ ಬೆಳಗುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಹಿತ್ತಾಳೆಗೆ ಅದು ಸರಿ. ಅಲ್ಯೂಮಿನಿಯಂಗೆ ಅದು ಶತ್ರು. ಬೂದಿಯ ಕ್ಷಾರವೂ ಹುಣಿಸೆಯ ಹುಳಿಯೂ ಅದರ ಮೇಲಿನ ರಕ್ಷಣೆಯ ಪದರವನ್ನು ತಿನ್ನುತ್ತವೆ; ಕ್ಷಾರವಂತೂ ಮೈಯನ್ನು ಕಪ್ಪು ಮಾಡುತ್ತದೆ. ವಾಷಿಂಗ್ ಸೋಡಾ ಕೂಡ ಹಾಗೆಯೇ. ಹಾಗೆಯೇ, ಸ್ಟೀಲ್ ಫಿಲ್ಟರಿನ ತೂತು ಕಟ್ಟಿದಾಗ ಅದನ್ನು ಉರಿಯ ಮೇಲೆ ಹಿಡಿದು ಬಿಡಿಸುವ ರೂಢಿ ಹಲವರಲ್ಲಿದೆ. ಮೋಕಾ ಪಾತ್ರೆಯನ್ನು ನೀರಿಲ್ಲದೆ ಉರಿಯ ಮೇಲಿಟ್ಟರೆ ವಾಷರ್ ಸುಟ್ಟುಹೋಗುತ್ತದೆ.

ದಿನನಿತ್ಯದ ಕ್ರಮ ಸರಳ. ಪಾತ್ರೆ ಪೂರ್ತಿ ತಣಿದ ಮೇಲೆ ಬಿಚ್ಚಿ. ಬಿಸಿಯಿದ್ದಾಗ ಒಳಗೆ ಒತ್ತಡವಿರುತ್ತದೆ. ಚರಟವನ್ನು ಗೊಬ್ಬರದ ಗುಂಡಿಗೆ ಹಾಕಿ. ಪಾತ್ರೆ ತೊಳೆಯುವ ತೊಟ್ಟಿಯ ಕೊಳವೆಗೆ ಬಿಟ್ಟರೆ ಅದು ಕಟ್ಟಿಕೊಳ್ಳುತ್ತದೆ. ಮೂರೂ ಭಾಗಗಳನ್ನು ಬಿಸಿನೀರಿನಲ್ಲಿ ಕೈಯಿಂದಲೇ ಉಜ್ಜಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಡಿಬಿಡಿಯಾಗಿಯೇ ಇಡಿ. ಒದ್ದೆ ಪಾತ್ರೆಯನ್ನು ಜೋಡಿಸಿ ಬಿಗಿದಿಟ್ಟರೆ ಮಲೆನಾಡಿನ ಮಳೆಗಾಲದಲ್ಲಿ ಎರಡು ದಿನಕ್ಕೆ ಒಳಗೆ ಬೂಷ್ಟು ಹಿಡಿದಿರುತ್ತದೆ. ಒಣಗಿಸದೆ ಚೀಲ ಕಟ್ಟಿದ ಕಾಫಿಯ ಗತಿ ಏನಾಗುತ್ತದೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಗೆ ಒಂದು ಹನಿ ಸೌಮ್ಯ ಸೋಪು ಹಾಕಿ ತೊಳೆದು, ವಾಸನೆ ಹೋಗುವವರೆಗೆ ಗಲಬರಿಸಿ. ವಾಷರನ್ನು ನಾಜೂಕಾಗಿ ಎಬ್ಬಿಸಿ, ಜಾಲರಿ ತೆಗೆದು, ಅದರ ಹಿಂಭಾಗ ನೋಡಿ. ಇದುವರೆಗೆ ಬಿಚ್ಚದವರಿಗೆ ಅಲ್ಲಿ ಕಪ್ಪು ಅಂಟಿನ ಪದರ ಕಾಣುತ್ತದೆ. ನಿಮ್ಮ ಕಾಫಿಯ ಮೇಲಿನ ಸುಳ್ಳು ಸಾಕ್ಷಿ ಅಡಗಿ ಕುಳಿತಿರುವುದು ಅಲ್ಲಿಯೇ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ತೆಗೆಯಬಹುದು. ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಬದಿಯಿಂದ ಹಬೆ ಸೋರುತ್ತಿದ್ದರೆ, ಬದಲಾಯಿಸಬೇಕು.

ಹೊಳೆ, ಕೆರೆಯ ಮೆದು ನೀರಿನವರಿಗೆ ತೊಂದರೆ ಕಡಿಮೆ. ಕೊಳವೆಬಾವಿಯ ಗಡಸು ನೀರಿನವರ ಪಾತ್ರೆಯೊಳಗೆ ಸುಣ್ಣದಂಥ ಬಿಳಿ ಪೊರೆ ಕಟ್ಟುತ್ತದೆ. ಅದು ವಾಲ್ವನ್ನು ಮುಚ್ಚಿದರೆ ಅಪಾಯ. ಕುಕ್ಕರಿನ ವಾಲ್ವ್ ಕಟ್ಟಿಕೊಂಡಂತೆಯೇ. ತಿಂಗಳಿಗೊಮ್ಮೆ ಕೆಳಗಿನ ಪಾತ್ರೆಗೆ ನೀರಿನ ಜೊತೆ ಅರ್ಧ ನಿಂಬೆಹಣ್ಣಿನ ರಸ ಹಾಕಿ, ಪುಡಿಯಿಲ್ಲದೆ ಒಮ್ಮೆ ಕಾಯಿಸಿ ಚೆಲ್ಲಿ, ಮತ್ತೊಮ್ಮೆ ಬರಿ ನೀರಿನಲ್ಲಿ ಕಾಯಿಸಿ ಚೆಲ್ಲಬೇಕು. ಹುಳಿ ನೀರನ್ನು ಅದರಲ್ಲೇ ರಾತ್ರಿಯಿಡೀ ಬಿಡಬಾರದು.

ಮೋಕಾ ಪಾತ್ರೆಯೇ ಬೇಕೆಂಬ ಹಟ ನನಗಿಲ್ಲ. ಸ್ಟೀಲ್ ಫಿಲ್ಟರ್ ಇದ್ದವರು ಅದರಲ್ಲೇ ಮಾಡಲಿ; ತೂತುಗಳು ತೆರೆದಿರಲಿ. ಸೋಸುವ ಬಟ್ಟೆಯವರು ಬಟ್ಟೆಯನ್ನು ಅಂದಂದೇ ಕುದಿನೀರಿನಲ್ಲಿ ಹಿಂಡಿ ಬಿಸಿಲಿಗೆ ಹಾಕಲಿ, ಕಪ್ಪಾದದ್ದನ್ನು ಎಸೆಯಲಿ. ಪಾತ್ರೆ ಯಾವುದಾದರೂ ನ್ಯಾಯ ಒಂದೇ.

ನಾಲಿಗೆ ಹೇಳುವ ಲೆಕ್ಕ

ಚೊಕ್ಕಟ ಪಾತ್ರೆ ಸಿದ್ಧವಾದ ಮೇಲೆ ಪರೀಕ್ಷೆಗೆ ಕೂರಬಹುದು. ಮಾರಲಿಕ್ಕಿರುವ ಪ್ರತಿ ಮಾಲಿನಿಂದ ಒಂದು ಹಿಡಿ ತೆಗೆಯಿರಿ. ಆರಿಸಿ ತೆಗೆಯಬೇಡಿ, ಚೀಲದ ನಡುವಿನಿಂದ ಬಂದದ್ದು ಬರಲಿ. ಚೆರ್ರಿಯಾದರೆ ಒರಳಿನಲ್ಲಿ ಕುಟ್ಟಿ ಮೊರದಲ್ಲಿ ಕೇರಿ. ಹದವಾದ ಕಂದು ಬಣ್ಣಕ್ಕೆ ಹುರಿಯಿರಿ. ಕರ್ರಗೆ ಹುರಿದರೆ ಒಳ್ಳೆಯದೂ ಕೆಟ್ಟದ್ದೂ ಒಂದೇ ಆಗಿಬಿಡುತ್ತದೆ. ಒಂದು ದಿನ ಬಿಟ್ಟು ಪುಡಿ ಮಾಡಿ, ಎರಡು ಮಾಲುಗಳನ್ನು ಒಂದೇ ನೀರು, ಒಂದೇ ಅಳತೆ, ಒಂದೇ ಉರಿಯಲ್ಲಿ ಒಂದರ ಹಿಂದೊಂದು ಮಾಡಿ. ಮೊದಲು ಹಾಲು ಸಕ್ಕರೆ ಇಲ್ಲದೆ ಒಂದು ಗುಟುಕು. ಆರಿದ ಮೇಲೆ ಮತ್ತೊಂದು ಗುಟುಕು. ದೋಷಗಳು ಕಾಫಿ ಆರಿದಾಗಲೇ ಹೆಚ್ಚು ಬಯಲಾಗುತ್ತವೆ.

ಮುಗ್ಗಲು, ಮಣ್ಣಿನ ವಾಸನೆ ಬಂದರೆ ಕಣವನ್ನು ನೋಡಬೇಕು: ಬರಿ ನೆಲದ ಮೇಲೆ ಒಣಗಿತೇ, ರಾಶಿ ದಪ್ಪವಾಯಿತೇ, ರಾತ್ರಿ ಇಬ್ಬನಿಗೆ ಮುಚ್ಚದೆ ಉಳಿಯಿತೇ, ತೇವ ಪೂರ್ತಿ ಹೋಗುವ ಮೊದಲೇ ಚೀಲ ಕಟ್ಟಿದೆವೇ ಎಂದು. ಹುಳಿತ, ಕೊಳೆತ ಹಣ್ಣಿನ ವಾಸನೆ ಬಂದರೆ ಕೊಯ್ದ ಹಣ್ಣು ಚೀಲದಲ್ಲೇ ರಾತ್ರಿ ಕಳೆದಿರಬೇಕು, ಇಲ್ಲವೆ ಪಲ್ಪ್ ಮಾಡಿದ ಮೇಲೆ ತೊಟ್ಟಿಯಲ್ಲಿ ಹೊತ್ತು ಮೀರಿರಬೇಕು. ಹಸಿ ಹುಲ್ಲಿನ ಒಗರು ಬಂದರೆ ಕಾಯಿ ಬಲಿಯುವ ಮೊದಲೇ ಕೊಯ್ದದ್ದು. ಗೊಬ್ಬರದ ವಾಸನೆ ಬಂದರೆ ಚೀಲ ಯಾವುದಕ್ಕೆ ಬಳಸಿದ್ದು ಎಂದು ವಿಚಾರಿಸಬೇಕು. ಹೀಗೆ ಒಂದೊಂದು ದೋಷವೂ ಬೆರಳು ಮಾಡಿ ತೋರಿಸುವುದು ನಮ್ಮದೇ ಕೆಲಸದ ಒಂದು ದಿನವನ್ನು. ಆದರೆ ಪಾತ್ರೆಯ ಕಮಟು ನಡುವೆ ಸೇರಿದರೆ ಈ ಲೆಕ್ಕವೆಲ್ಲ ತಪ್ಪುತ್ತದೆ.

ಕೆಲವು ಆಕ್ಷೇಪಣೆಗಳು

ಪರೀಕ್ಷಕರು ಬಟ್ಟಲಿನಲ್ಲಿ ಪುಡಿ ಹಾಕಿ ಬಿಸಿನೀರು ಸುರಿದು ಚಮಚದಲ್ಲಿ ಹೀರಿ ನೋಡುತ್ತಾರಲ್ಲ, ಪಾತ್ರೆ ಏಕೆ ಎಂದು ಬಲ್ಲವರು ಕೇಳಬಹುದು. ಆ ವಿಧಾನ ನಿಜಕ್ಕೂ ಉತ್ತಮ, ಖರ್ಚೂ ಕಡಿಮೆ. ಆದರೆ ನಾಲಿಗೆ ಪಳಗುವುದು ವರ್ಷಕ್ಕೊಮ್ಮೆಯ ಪರೀಕ್ಷೆಯಿಂದಲ್ಲ, ದಿನದಿನದ ಅಭ್ಯಾಸದಿಂದ. ಮನೆಯಲ್ಲಿ ದಿನವೂ ಒಳ್ಳೆಯದನ್ನು ಕುಡಿದವನಿಗೆ ಮಾತ್ರ ಕೆಟ್ಟದ್ದು ತಟ್ಟನೆ ತಿಳಿಯುತ್ತದೆ.

ಇದು ಪೇಟೆಯವರ ಶೋಕಿ, ರುಚಿ ಗೊತ್ತಾದ ಮಾತ್ರಕ್ಕೆ ಧಾರಣೆ ಏರುತ್ತದೆಯೇ ಎಂಬುದು ಇನ್ನೊಂದು ಆಕ್ಷೇಪಣೆ. ನಾಳೆಯೇ ಏರುವುದಿಲ್ಲ, ನಿಜ. ಸಣ್ಣ ಬೆಳೆಗಾರನ ಎರಡು ಚೀಲಕ್ಕೆ ವ್ಯಾಪಾರಿ ಬೇರೆ ದರ ಕೊಡಲಾರ. ಆದರೆ ಯಾವ ಚೀಲವನ್ನು ಯಾವುದಕ್ಕೆ ಸೇರಿಸಬಾರದು ಎಂದು ನಮಗೆ ತಿಳಿಯುತ್ತದೆ. ಮುಂದಿನ ಕೊಯ್ಲಿನಲ್ಲಿ ಯಾವುದನ್ನು ತಿದ್ದಬೇಕೆಂದು ತಿಳಿಯುತ್ತದೆ. ಒಳ್ಳೆಯ ಮಾಲನ್ನು ಒಳ್ಳೆಯದೆಂದು ಹೇಳುವ ಬಾಯಿ ಬರುತ್ತದೆ.

ಮೂರನೆಯದು ಯಾರೂ ಬಾಯಿಬಿಟ್ಟು ಹೇಳದ ಆಕ್ಷೇಪಣೆ. ಮನೆಯ ಹೆಂಗಸರಿಗೆ ಉಜ್ಜಲು ಇನ್ನೊಂದು ಪಾತ್ರೆ ಹೆಚ್ಚಾಯಿತಲ್ಲ! ಇದಕ್ಕೆ ನನ್ನ ಉತ್ತರ: ಕಾಫಿ ಪರೀಕ್ಷಿಸುವ ಯಜಮಾನನೇ ಆ ಪಾತ್ರೆಯನ್ನು ತೊಳೆಯಲಿ. ಪಲ್ಪರನ್ನು ತೊಳೆಯದೆ ಬಿಟ್ಟರೆ ಆಳನ್ನು ಗದರಿಸುವ ನಮಗೆ ಅಂಗೈಯಗಲದ ಜಾಲರಿ ತೊಳೆಯುವುದು ಭಾರವಾಗಬಾರದು. ರುಚಿ ನೋಡುವಾಗ ಮಾತ್ರ ಮನೆಯ ಹೆಂಗಸರನ್ನು ಮುಂದೆ ಕೂರಿಸಿಕೊಳ್ಳಿ. ವರ್ಷಗಟ್ಟಲೆ ಪುಡಿಯ ವಾಸನೆಯಿಂದಲೇ ಹದ ಹೇಳಿದ ಅನುಭವ ಅವರದು.

ಸಂಘಕ್ಕೊಂದು ಸಲಹೆ

ಆಡಳಿತ ಮಂಡಳಿಯ ಮುಂದೆ ಒಂದು ಸಣ್ಣ ಸಲಹೆ ಇಡಬಯಸುತ್ತೇನೆ. ಸಂಘದ ಕಛೇರಿಯಲ್ಲಿ ಗೊಬ್ಬರ, ಸುಣ್ಣ, ತುತ್ತಗಳ ಜೊತೆಗೆ ಕೈಯಿಂದ ತಿರುಗಿಸುವ ಒಂದು ಪುಡಿ ಯಂತ್ರ, ಒಂದು ಗ್ಯಾಸ್ ಒಲೆ, ಎರಡು ಕಾಫಿ ಪಾತ್ರೆ ಇರಲಿ. ಕೊಯ್ಲು ಮುಗಿದ ಮೇಲೆ ತಿಂಗಳಿಗೊಂದು ದಿನ ಸದಸ್ಯರು ತಮ್ಮ ತಮ್ಮ ಮಾಲು ತಂದು, ಹೆಸರು ಬರೆಯದೆ ಗುರುತು ಹಾಕಿ, ಎಲ್ಲರೂ ಕುಡಿದು ನೋಡಲಿ. ಯಾರ ಮಾಲು ಎಂಬುದು ಆಮೇಲೆ ತಿಳಿಯಲಿ. ಒಂದೇ ಗುಣದ ಮಾಲುಗಳನ್ನು ಒಟ್ಟುಗೂಡಿಸಿ ಲಾಟು ಮಾಡಿದರೆ, ಒಬ್ಬೊಬ್ಬರಾಗಿ ಕೇಳಲಾಗದ ದರವನ್ನು ಸಂಘವಾಗಿ ಕೇಳಬಹುದು. ಸಹಕಾರ ಎಂಬುದಕ್ಕೆ ಅರ್ಥ ಬರುವುದು ಹೀಗೆ. ವಾಷರುಗಳನ್ನೂ ಸಂಘದ ಅಂಗಡಿಯಲ್ಲಿ ತರಿಸಿಟ್ಟರೆ ಅಷ್ಟು ಸಣ್ಣ ವಸ್ತುವಿಗಾಗಿ ಯಾರೂ ಪೇಟೆ ಸುತ್ತಬೇಕಾಗಿಲ್ಲ. ಕಾಫಿ ಹುರಿಯುವ, ಸವಿಯುವ ವಿಷಯದಲ್ಲಿ ಕಾಫಿ ಮಂಡಳಿಯೂ ತರಬೇತಿ ನಡೆಸುತ್ತ ಬಂದಿದೆ. ಸಂಘದಿಂದ ಆಸಕ್ತ ಯುವಕ ಯುವತಿಯರನ್ನು ಅಲ್ಲಿಗೆ ಕಳಿಸಬಹುದು.

ಸಂಘ ತೀರ್ಮಾನಿಸುವವರೆಗೆ ಕಾಯುವ ಅಗತ್ಯವೂ ಇಲ್ಲ. ಈ ಸಂಚಿಕೆ ಕೈಸೇರಿದ ದಿನ ಸಂಜೆ ಮನೆಯ ಕಾಫಿ ಪಾತ್ರೆಯನ್ನು, ಅದು ಯಾವುದೇ ಇರಲಿ, ಪೂರ್ತಿ ಬಿಚ್ಚಿ ಒಳಗೆ ಮೂಗಿಟ್ಟು ನೋಡಿ. ಕಮಟು ಬಂದರೆ ತೊಳೆಯಿರಿ. ಆಮೇಲೆ ಈ ವರ್ಷದ ನಿಮ್ಮದೇ ಕಾಫಿಯನ್ನು ಮಾಡಿ, ಹಾಲು ಸಕ್ಕರೆ ಬೆರೆಸದೆ ಒಂದು ಗುಟುಕು ಕುಡಿಯಿರಿ. ಮುಂದಿನ ಮಾತನ್ನು ಆ ಗುಟುಕೇ ನಿಮಗೆ ಹೇಳುತ್ತದೆ.

— ಒಬ್ಬ ಸಣ್ಣ ಬೆಳೆಗಾರ ಸದಸ್ಯ